ಎಂಜಿನ್ನಿನ ಉಸಿರೂ ಕಿವಿಯ ಸಾಕ್ಷ್ಯವೂ

ಕಳೆದ ಬೇಸಗೆಯ ಆರಂಭದಲ್ಲಿ ನನ್ನ ಸೋದರಳಿಯನು ತನ್ನ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿ, "ಮಾವ, ಒಂದು ಸುತ್ತು ಬನ್ನಿ, ಈಗ ಇದು ಬೇರೆ ಗಾಡಿಯೇ ಆಗಿದೆ" ಎಂದನು. ಬಾನೆಟ್ಟನ್ನು ಎತ್ತಿ ತೋರಿಸಿದನು. ಕಾರ್ಖಾನೆಯವರು ಇಟ್ಟಿದ್ದ ಕರಿಯ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗಿನ ಕಾಗದದ ಫಿಲ್ಟರು, ಗಾಳಿ ಬರುವ ಕೊಳವೆಯ ಪಕ್ಕಕ್ಕೆ ಅಂಟಿಕೊಂಡಿದ್ದ ಸೀಸೆಯಂಥ ಟೊಳ್ಳು ಭಾಗ, ಇವು ಯಾವುವೂ ಅಲ್ಲಿರಲಿಲ್ಲ. ಅವುಗಳ ಸ್ಥಾನದಲ್ಲಿ ಕೆಂಪು ಬಟ್ಟೆಯ ಮಡಿಕೆಗಳುಳ್ಳ, ಶಂಕುವಿನ ಆಕಾರದ ಫಿಲ್ಟರೊಂದು ಎಂಜಿನ್ನಿನ ಮಗ್ಗುಲಲ್ಲೇ ಬತ್ತಲೆಯಾಗಿ ಕುಳಿತಿತ್ತು. ಕಂಪನಿಯವರು ಸದ್ದಡಗಿಸುವುದಕ್ಕಾಗಿ ಎಂಜಿನ್ನಿನ ಮೂಗನ್ನು ಮುಚ್ಚಿರುತ್ತಾರೆ, ಮೂಗು ಬಿಡಿಸಿದರೆ ಹತ್ತು ಕುದುರೆಗಳ ಬಲ ಎದ್ದು ಬರುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಆಕ್ಸಿಲರೇಟರನ್ನು ತುಳಿದೊಡನೆ ಕಾರು ನಿಜವಾಗಿಯೂ ಗರ್ಜಿಸಿತು. ನನಗೂ ಕ್ಷಣಕಾಲ ಮೈ ಜುಮ್ಮೆಂದಿತೆಂಬುದನ್ನು ಮರೆಮಾಚುವುದಿಲ್ಲ.

ಆ ಗರ್ಜನೆಯಿಂದ ಬಲವನ್ನು ಅಳೆಯಹೊರಡುವುದು ತಪ್ಪೆಂದು ನಾನು ಬಲ್ಲೆ. ಆದರೆ ಈ ತಪ್ಪು ಮೂರ್ಖರ ತಪ್ಪಲ್ಲ. ಇದಕ್ಕೊಂದು ಸ್ವಾರಸ್ಯವಾದ ಕಾರಣವಿದೆ. ಅದನ್ನು ತಿಳಿಯಬೇಕಾದರೆ ಎಂಜಿನ್ನು ಉಸಿರೆಳೆಯುವ ಬಗೆಯನ್ನು ಮೊದಲು ನೋಡಬೇಕು.

ಪೆಟ್ರೋಲ್ ಕಾರು ಪೆಟ್ರೋಲನ್ನು ಕುಡಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಗಾಳಿಯನ್ನು ಸೇವಿಸುತ್ತದೆ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ೧೪.೭ ತೂಕ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ೯,೦೦೦ ಲೀಟರು ಗಾಳಿ. ೧,೨೦೦ ಘನ ಸೆಂಟಿಮೀಟರಿನ ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ಸುತ್ತುವಾಗ, ಅದರ ಸಿಲಿಂಡರುಗಳು ಪ್ರತಿಸಲವೂ ಪೂರ್ತಿ ತುಂಬುವುದಾದರೆ, ನಿಮಿಷಕ್ಕೆ ೧,೮೦೦ ಲೀಟರು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಪೆಟ್ರೋಲನ್ನು ಬೇಕಾದಷ್ಟು ಸಿಂಪಡಿಸಬಹುದು. ಒಳಹೊಕ್ಕ ಗಾಳಿಯ ತೂಕವೇ ಎಂಜಿನ್ನಿನ ಬಲಕ್ಕೆ ಮಿತಿ. ಅಂಗಡಿಯವನ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದದ್ದು ಇದಕ್ಕಾಗಿ: ಗಾಳಿಯ ಹಾದಿಯಲ್ಲಿ ನಿಜವಾದ ಇರುಕು ಇದ್ದರೆ ಬಲ ಕುಗ್ಗುವುದು ದಿಟ.

ಈ ಗಾಳಿ ನದಿಯಂತೆ ಒಂದೇ ಸಮನೆ ಹರಿಯುವುದಿಲ್ಲ. ಕವಾಟ ತೆರೆದು ಪಿಸ್ಟನ್ನು ಕೆಳಕ್ಕಿಳಿದಾಗ ಕೊಳವೆಯಲ್ಲಿ ಒತ್ತಡ ತಟ್ಟನೆ ಇಳಿಯುತ್ತದೆ. ಕವಾಟ ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ಬಾಗಿಲಿಗೆ ಬಡಿದು ಒತ್ತಿಕೊಳ್ಳುತ್ತದೆ. ಈ ಏರಿಳಿತ ಶಬ್ದದ ವೇಗದಲ್ಲಿ ಕೊಳವೆಯುದ್ದಕ್ಕೂ ಓಡಿ ಹೊರಬಾಯಿಯಿಂದ ಸದ್ದಾಗಿ ಹೊಮ್ಮುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ೩,೦೦೦ ಸುತ್ತಿನಲ್ಲಿ ಸೆಕೆಂಡಿಗೆ ೧೦೦ ಸಲ ಹೀಗೆ ಉಸಿರೆಳೆಯುವುದರಿಂದ ಆ ಸದ್ದು ಮಂದ್ರವಾಗಿ, ಎದೆಗೆ ತಾಕುವಂತೆ ಇರುತ್ತದೆ.

ಹೊರಬಾಯಿಗೂ ಕವಾಟಕ್ಕೂ ನಡುವೆ ಥ್ರಾಟಲ್ ಎಂಬ ತಿರುಗುವ ತಟ್ಟೆಯೊಂದಿದೆ. ಅದು ಬಹುಪಾಲು ಮುಚ್ಚಿರುವಾಗ ಗಾಳಿಯನ್ನು ಮಾತ್ರವಲ್ಲದೆ ಸದ್ದನ್ನೂ ತಡೆಯುತ್ತದೆ. ಚಾಲಕನು ಆಕ್ಸಿಲರೇಟರನ್ನು ತುಳಿದಾಗ ತಟ್ಟೆ ತೆರೆಯುತ್ತದೆ, ಗಾಳಿ ಹೆಚ್ಚು ಹೋಗುತ್ತದೆ, ಬಲ ಏರುತ್ತದೆ, ಅದೇ ಬಾಗಿಲಿನಿಂದ ಸದ್ದೂ ಹೊರಬರುತ್ತದೆ. ಸಾವಿರಾರು ಸಲ ಇದನ್ನು ಅನುಭವಿಸಿದ ಕಿವಿ, ಸದ್ದು ಏರಿದರೆ ಬಲ ಏರಿತೆಂಬ ಪಾಠವನ್ನು ಕಲಿತುಬಿಟ್ಟಿದೆ. ಆ ಪಾಠ ಅದೇ ಕಾರಿನ ಮಟ್ಟಿಗೆ ಸರಿಯಾದದ್ದೇ. ಆದರೆ ಸದ್ದಿಗೆ ಮುಸುಕು ಹಾಕಿದ್ದ ಪೆಟ್ಟಿಗೆಯನ್ನು ಕಿತ್ತುಹಾಕಿದ ಮೇಲೆ ಅಷ್ಟೇ ಗಾಳಿಗೆ, ಅಷ್ಟೇ ಬಲಕ್ಕೆ, ಹಿಂದಿಗಿಂತ ಬಹಳ ದೊಡ್ಡ ಸದ್ದು ಬರುತ್ತದೆ. ಕಿವಿ ಮಾತ್ರ ಹಳೆಯ ಕೋಷ್ಟಕವನ್ನೇ ತೆರೆದು ಓದುತ್ತದೆ. ನನ್ನ ಸೋದರಳಿಯ ಮೋಸಹೋದದ್ದು ಹೀಗೆ.

ಸದ್ದಿನಲ್ಲಿರುವ ಶಕ್ತಿಯಾದರೂ ಎಷ್ಟು? ಒಂದು ಮೀಟರು ದೂರದಲ್ಲಿ ೧೦೦ ಡೆಸಿಬೆಲ್ ಎನಿಸುವ ಭಾರಿ ಗರ್ಜನೆಯನ್ನು ಎಲ್ಲ ದಿಕ್ಕುಗಳಲ್ಲೂ ಕೂಡಿ ಲೆಕ್ಕ ಹಾಕಿದರೆ, ಒಂದು ವಾಟಿನ ಹತ್ತರಲ್ಲೊಂದು ಭಾಗದ ಸುಮಾರಿಗೆ ನಿಲ್ಲುತ್ತದೆ. ಎಂಜಿನ್ನಿನ ಬಲವೋ ಹತ್ತಾರು ಸಾವಿರ ವಾಟುಗಳು.

ಆ ಸೀಸೆಯಂಥ ಟೊಳ್ಳಿನ ವಿಷಯವನ್ನು ಬಿಡಿಸಿ ಹೇಳಬೇಕು; ಏಕೆಂದರೆ ಎಲ್ಲರೂ ಮೊದಲು ಕಿತ್ತೆಸೆಯುವುದು ಅದನ್ನೇ. "ಇದು ಎಲ್ಲಿಗೂ ಹೋಗುವುದಿಲ್ಲ, ದಂಡ" ಎನ್ನುತ್ತಾರೆ. ಖಾಲಿ ಸೋಡಾ ಸೀಸೆಯ ಬಾಯಂಚಿಗೆ ತುಟಿಯಿಟ್ಟು ಊದಿದಾಗ ಹೂಂಕಾರ ಬರುವುದನ್ನು ವಾಚಕರೆಲ್ಲ ಬಲ್ಲರು. ಕತ್ತಿನಲ್ಲಿರುವ ಗಾಳಿ ಒಂದು ತೂಕದ ಗುಂಡಿನಂತೆಯೂ ಹೊಟ್ಟೆಯಲ್ಲಿರುವ ಗಾಳಿ ಸ್ಪ್ರಿಂಗಿನಂತೆಯೂ ವರ್ತಿಸಿ, ತಮಗೆ ಸಹಜವಾದ ಒಂದೇ ಸ್ವರದಲ್ಲಿ ತೂಗಾಡುತ್ತವೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ (೧೮೨೧–೧೮೯೪) ಇಂಥ ಟೊಳ್ಳು ಗೋಳಗಳಿಂದ ಸ್ವರಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿ ತೋರಿಸಿದ ಕಾರಣ ಅವಕ್ಕೆ ಅವನ ಹೆಸರೇ ನಿಂತಿದೆ. ಕೊಳವೆಯ ಪಕ್ಕಕ್ಕೆ ಅದನ್ನು ಜೋಡಿಸಿದಾಗ, ತನ್ನ ಸ್ವರಕ್ಕೆ ಹೊಂದುವ ಏರಿಳಿತ ಬಂದೊಡನೆ ಅದು ಎದುರುಬದುರಾಗಿ ತೂಗಿ ಅದನ್ನು ಅಡಗಿಸುತ್ತದೆ. ಎಂಜಿನ್ನಿಗೆ ಹೋಗುವ ಗಾಳಿ ಅದರ ಮೂಲಕ ಹಾಯುವುದೇ ಇಲ್ಲ. ಹಾಯದ ಹಾದಿಯನ್ನು ಕಿತ್ತುಹಾಕಿದರೆ ಯಾವ ಹಾದಿ ಅಗಲವಾದೀತು?

ಕೊಳವೆಗಳ ಉದ್ದವೂ ಮನಬಂದಂತೆ ಇಟ್ಟದ್ದಲ್ಲ. ತೆರೆದ ತುದಿಗೆ ಹೋದ ಇಳಿತದ ಅಲೆ, ಏರಿಕೆಯ ಅಲೆಯಾಗಿ ಹಿಂದಿರುಗುತ್ತದೆ. ಅದು ಕವಾಟ ಮುಚ್ಚುವ ಮುನ್ನವೇ ಬಂದು ಮುಟ್ಟುವಂತೆ ಉದ್ದವನ್ನು ಗೊತ್ತುಮಾಡಿದರೆ ಇನ್ನೂ ಒಂದಿಷ್ಟು ಗಾಳಿಯನ್ನು ಸಿಲಿಂಡರಿಗೆ ತುರುಕುತ್ತದೆ. ಪಂಪು ಬೇಡ, ಖರ್ಚಿಲ್ಲ. ಅಮೆರಿಕೆಯ ಕ್ರೈಸ್ಲರ್ ಕಂಪನಿ ೧೯೬೦ರ ೩೦೦ಎಫ್ ಕಾರಿನಲ್ಲಿ ೩೦ ಅಂಗುಲ ಉದ್ದದ ಕೊಳವೆಗಳನ್ನು ಎಂಜಿನ್ನಿನ ಮೇಲೆ ಅಡ್ಡಡ್ಡಲಾಗಿ ಹಾಯಿಸಿ ನಡುವೇಗದಲ್ಲಿ ಈ ಲಾಭವನ್ನು ಪಡೆಯಿತು. ಹೆಚ್ಚಿನ ವೇಗಕ್ಕೆ ಅದೇ ಉದ್ದ ತೊಡಕಾಗುವುದರಿಂದ, ಓಟಕ್ಕೆಂದೇ ಮಾಡಿದ ಕೆಲವಕ್ಕೆ ೧೫ ಅಂಗುಲವನ್ನು ಇಟ್ಟಿತು. ಜಪಾನಿನ ಮಾಜ್ದಾದವರು ಓಡುತ್ತಿರುವಾಗಲೇ ಕೊಳವೆ ಉದ್ದವಾಗುವ, ಗಿಡ್ಡವಾಗುವ ಏರ್ಪಾಡನ್ನು ೭೮೭ಬಿ ಕಾರಿನಲ್ಲಿ ಅಳವಡಿಸಿ, ೧೯೯೧ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಗೆದ್ದರು. ಪೆಟ್ಟಿಗೆಯ ಗಾತ್ರ, ಕೊಳವೆಯ ಅಳತೆಗಳು ಎಷ್ಟು ಲೆಕ್ಕಾಚಾರದ ಫಲವೆಂಬುದಕ್ಕೆ ಇವು ನಿದರ್ಶನ. ಪಂದ್ಯದ ಕಾರಿನ ಬರಿಬಾಯಿಯ ತುತ್ತೂರಿಗಳನ್ನು ಕಂಡು ಊರಿನ ಕಾರಿಗೂ ಹಾಗೆಯೇ ಮಾಡುವವರು, ಆ ಎಂಜಿನ್ನು ಯಾವ ವೇಗದಲ್ಲಿ ಎಷ್ಟು ಗಂಟೆ ದುಡಿದು ಎಷ್ಟು ಬೇಗ ಬಿಚ್ಚಿಸಿಕೊಳ್ಳುತ್ತದೆ ಎಂಬುದನ್ನು ಕೇಳುವುದಿಲ್ಲ.

ಇನ್ನೊಂದು ಮಾತು ಶಾಖದ್ದು. ಕಾರ್ಖಾನೆಯ ಪೆಟ್ಟಿಗೆಗೆ ಗಾಳಿ ಸಾಮಾನ್ಯವಾಗಿ ಕಾರಿನ ಮುಂಭಾಗದಿಂದ ಬರುತ್ತದೆ. ಬತ್ತಲೆ ಫಿಲ್ಟರು ಬಾನೆಟ್ಟಿನ ಕೆಳಗಿನ ಬಿಸಿ ಗಾಳಿಯನ್ನು ಹೀರುತ್ತದೆ. ಗಾಳಿ ೩೦ ಡಿಗ್ರಿಯಿಂದ ೬೦ ಡಿಗ್ರಿಗೆ ಕಾದರೆ ಅದರ ಸಾಂದ್ರತೆ ನೂರಕ್ಕೆ ೯ರಷ್ಟು ಕುಗ್ಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರು ಎತ್ತರದಲ್ಲಿರುವ ಕಾರಣಕ್ಕೆ ಅಲ್ಲಿಯ ಎಂಜಿನ್ನುಗಳು ಮೊದಲೇ ಹೆಚ್ಚುಕಡಮೆ ಅಷ್ಟನ್ನು ಕಳೆದುಕೊಂಡಿರುತ್ತವೆ. ದಟ್ಟಣೆಯಲ್ಲಿ ಸಿಕ್ಕಿ ನಿಂತ ಕಾರಿಗೆ ಇದು ಎರಡನೆಯ ಬೆಟ್ಟವನ್ನು ಹತ್ತಿದಂತೆ.

ನಾನೂ ಸೋದರಳಿಯನೂ ಒಂದು ಭಾನುವಾರ ಬೆಳಗ್ಗೆ ನಿರ್ಜನವಾದ ರಸ್ತೆಯಲ್ಲಿ, ಒಂದೇ ಗೇರಿನಲ್ಲಿ, ೪೦ ಕಿಲೋಮೀಟರಿನಿಂದ ೮೦ಕ್ಕೆ ಏರಲು ಹಿಡಿಯುವ ಕಾಲವನ್ನು ಗಡಿಯಾರ ಹಿಡಿದು ನೋಡಿದೆವು; ಮೊದಲು ಕೆಂಪು ಫಿಲ್ಟರಿನೊಡನೆ, ಆಮೇಲೆ ಅಟ್ಟದಿಂದ ಇಳಿಸಿ ತಂದಿದ್ದ ಹಳೆಯ ಪೆಟ್ಟಿಗೆಯೊಡನೆ. ಕೈಗಡಿಯಾರದ ತಪ್ಪಿಗಿಂತ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಇದನ್ನು ಪ್ರಯೋಗವೆಂದು ಕರೆಯಲು ನನಗೇ ಸಂಕೋಚ. ಆದರೂ ಹತ್ತು ಕುದುರೆಗಳು ಬಂದಿದ್ದರೆ ಮುಖ ತೋರಿಸದೆ ಇರುತ್ತಿರಲಿಲ್ಲ.

ಪೆಟ್ಟಿಗೆ ಬದಲಿಸುವಾಗ ಕಂಡದ್ದು ಮಾತ್ರ ಇಬ್ಬರನ್ನೂ ಸುಮ್ಮನಾಗಿಸಿತು. ಫಿಲ್ಟರನ್ನು ದಾಟಿದ ಮೇಲಿನ ರಬ್ಬರು ಕೊಳವೆಯೊಳಗೆ ಬೆರಳಾಡಿಸಿದರೆ ನುಣ್ಣನೆಯ ಕೆಮ್ಮಣ್ಣು ಬಂತು. ಅವನ ಊರಿನ ಹಾದಿಯ ಮಣ್ಣದು. ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಎರಕದ ಕಬ್ಬಿಣಕ್ಕಿಂತ ಗಡುಸು. ಎಣ್ಣೆಯೊಡನೆ ಕಲಸಿಕೊಂಡು ಪಿಸ್ಟನ್ನಿನ ಉಂಗುರಕ್ಕೂ ಸಿಲಿಂಡರಿನ ಗೋಡೆಗೂ ನಡುವೆ ಸಿಕ್ಕಿತೆಂದರೆ ಸಾಣೆ ಹಿಡಿದಂತೆಯೇ. ಅದು ಸದ್ದಿಲ್ಲದೆ ಸವೆಸುತ್ತದೆ. ಈ ಬಗ್ಗೆ ಕಿವಿ ಏನನ್ನೂ ಹೇಳುವುದಿಲ್ಲ. ಹಳೆಯ ವಿಲ್ಲಿಸ್ ಜೀಪಿನವರು ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳನ್ನು ಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ.

ಹಳೆಯ ಕಾಗದದ ಫಿಲ್ಟರು ಕೊಳೆಯಾಗಿದ್ದರೆ ಬದಲಿಸಬೇಡವೇ ಎಂದರೆ, ಖಂಡಿತ ಬದಲಿಸಬೇಕು. ಆದರೆ ಅಲ್ಲಿಯೂ ಒಂದು ತಪ್ಪು ನಂಬಿಕೆಯಿದೆ. ಅಮೆರಿಕೆಯ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಶಾಲೆ ೨೦೦೯ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಕಂಪ್ಯೂಟರಿನಿಂದ ಪೆಟ್ರೋಲನ್ನು ಅಳೆದು ಹಾಕುವ ಹೊಸ ಕಾರುಗಳ ಮೈಲೇಜು ಫಿಲ್ಟರು ಕಟ್ಟಿಕೊಂಡರೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಪೂರ್ತಿ ತುಳಿದಾಗಿನ ವೇಗೋತ್ಕರ್ಷ ಇಳಿಯಿತು.

ಸದ್ದಿನ ಮೋಹಕ್ಕೆ ಯುವಕರನ್ನಷ್ಟೇ ದೂರುವುದು ನ್ಯಾಯವಲ್ಲ. ಕಾರು ತಯಾರಿಸುವವರೇ ಇದನ್ನು ಚೆನ್ನಾಗಿ ಬಲ್ಲರು. ೨೦೧೦ರಿಂದ ೨೦೧೨ರವರೆಗೆ ೫೦೦ ಮಾತ್ರ ತಯಾರಾದ ಲೆಕ್ಸಸ್ ಎಲ್‌ಎಫ್‌ಎ ಕಾರಿನಲ್ಲಿ ಗಾಳಿಯ ಸದ್ದನ್ನು ಒಳಗಿನವರ ಕಿವಿಗೆ ತಲುಪಿಸಲು ಬೇರೆ ಕೊಳವೆಗಳನ್ನೇ ಇಟ್ಟರು; ವಾದ್ಯಗಳಿಗೆ ಹೆಸರಾದ ಯಮಾಹಾದವರು ಆ ಸ್ವರವನ್ನು ಹದಗೊಳಿಸಿದರು. ಅದು ನಿಜವಾದ ಸ್ವರ, ನನಗೆ ಒಪ್ಪಿಗೆ. ೨೦೧೧ರ ಬಿಎಂಡಬ್ಲ್ಯೂ ಎಂ೫ ಕಾರಿನಲ್ಲಾದರೋ ಎಂಜಿನ್ನಿನ ಸದ್ದನ್ನು ಸಂಗೀತದ ಸ್ಪೀಕರುಗಳಿಂದಲೇ ನುಡಿಸಿದರು. ಇದನ್ನು ನಾಟಕದ ಸಿಡಿಲೆನ್ನದೆ ಮತ್ತೇನೆನ್ನಬೇಕು?

ಫಿಲ್ಟರು ಮಾರುವವರಿಂದ ನಾವು ಕೇಳಬೇಕಾದದ್ದು ಒಂದಿದೆ. ಗಾಳಿಶೋಧಕಗಳ ಪರೀಕ್ಷೆಗೆ ಐ.ಎಸ್.ಓ. ೫೦೧೧ ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ಗಾಳಿಗೆ ಎಷ್ಟು ತಡೆ, ಧೂಳನ್ನು ಎಷ್ಟರಮಟ್ಟಿಗೆ ಹಿಡಿಯುತ್ತದೆ, ಎರಡೂ ಅದರಲ್ಲಿ ತಿಳಿಯುತ್ತವೆ. ಡಬ್ಬಿಯ ಮೇಲೆ ಕುದುರೆಗಳ ಲೆಕ್ಕವನ್ನು ಅಚ್ಚುಹಾಕುವವರು ಈ ಅಂಕಿಗಳನ್ನೂ ಅಚ್ಚುಹಾಕಬೇಕು. ನನ್ನ ಸೋದರಳಿಯ ಅಂಗಡಿಗೆ ಹೋಗಿ ಅದನ್ನೇ ಕೇಳಿದನಂತೆ. ಅಂಗಡಿಯವನು ಫೋನನ್ನು ತೆಗೆದು, ಇನ್ನೊಂದು ಕಾರಿನ ಗರ್ಜನೆಯನ್ನು ಕೇಳಿಸಿದನಂತೆ.