ಮಾತು ತಡವರಿಸಿದರೆ ಬುದ್ಧಿಯೂ ತಡವರಿಸುತ್ತದೆಯೇ?

ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಬಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಜಪ: ಕಮ್ಯುನಿಕೇಷನ್ ಸ್ಕಿಲ್ಸ್. ಕೋಡಿಂಗ್ ಅಷ್ಟಕ್ಕಷ್ಟೇ ಇದ್ದರೂ ಪರವಾಗಿಲ್ಲ, ಪಟಪಟನೆ ಮಾತಾಡಿದರೆ ಕೆಲಸ ಗ್ಯಾರಂಟಿ ಎನ್ನುತ್ತಾರೆ ಸೀನಿಯರ್‌ಗಳು. ಪ್ಲೇಸ್‌ಮೆಂಟ್ ತರಬೇತಿಯಲ್ಲೂ ಅದೇ ಪಾಠ. ಗ್ರೂಪ್ ಡಿಸ್ಕಷನ್‌ನಲ್ಲಿ ಮೊದಲು ಬಾಯಿ ತೆರೆಯಬೇಕು, ಎಲ್ಲೂ ನಿಲ್ಲಬಾರದು, ತಡವರಿಸಲೇಬಾರದು. ಸರಾಗವಾಗಿ ಮಾತಾಡುವವನು ಜಾಣ, ತಡವರಿಸುವವನು ದಡ್ಡ, ಇಲ್ಲವೇ ಪುಕ್ಕಲ ಎಂಬುದು ಇಲ್ಲಿನ ಲೆಕ್ಕಾಚಾರ. ಈ ಲೆಕ್ಕಾಚಾರವೇ ತಪ್ಪು ಎಂಬುದು ನನ್ನ ವಾದ. ಮಿದುಳಿನಲ್ಲಿ ಭಾಷೆ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಓದಿದರೂ ಇದು ಗೊತ್ತಾಗುತ್ತದೆ.

ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಏನೇ ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ 'ತಾನ್' ಎಂಬ ಒಂದೇ ಶಬ್ದ. ಹಾಗಂತ ಅವನಿಗೆ ಏನೂ ತಿಳಿಯುತ್ತಿರಲಿಲ್ಲ ಎಂದಲ್ಲ. ಎಷ್ಟು ವರ್ಷದಿಂದ ಇಲ್ಲಿದ್ದೀಯ ಎಂದು ಕೇಳಿದಾಗ ಐದು ಬೆರಳನ್ನು ನಾಲ್ಕು ಸಲ ಬಿಡಿಸಿ, ಮೇಲೊಂದು ಬೆರಳು ತೋರಿಸಿದ. ಅಂದರೆ 21 ವರ್ಷ, ಲೆಕ್ಕ ಸರಿಯಾಗಿತ್ತು! 1861ರಲ್ಲಿ ಅವನು ತೀರಿಕೊಂಡಾಗ ವೈದ್ಯ ಪಾಲ್ ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿದರು. ಎಡ ಮಿದುಳಿನ ಮುಂಭಾಗದಲ್ಲಿ ಹಾನಿಯಾಗಿತ್ತು. ಆ ಜಾಗಕ್ಕೆ ಇಂದಿಗೂ ಅವರದೇ ಹೆಸರಿದೆ.

1874ರಲ್ಲಿ ಕಾರ್ಲ್ ವರ್ನಿಕೆ ಇದಕ್ಕೆ ತದ್ವಿರುದ್ಧವಾದ ತೊಂದರೆಯನ್ನು ವಿವರಿಸಿದರು. ಎಡಕಿವಿಯ ಮೇಲ್ಭಾಗದ ಆಸುಪಾಸಿನಲ್ಲಿರುವ ಮಿದುಳಿನ ಭಾಗಕ್ಕೆ ಪೆಟ್ಟಾದವರು ಮಾತಾಡುತ್ತಾರೆ, ನಿರರ್ಗಳವಾಗಿ ಮಾತಾಡುತ್ತಾರೆ. ಆದರೆ ಆ ಮಾತಿಗೆ ಅರ್ಥವಿರುವುದಿಲ್ಲ, ಬೇರೆಯವರ ಮಾತು ಅವರಿಗೆ ಸರಿಯಾಗಿ ತಿಳಿಯುವುದೂ ಇಲ್ಲ. ನಿರರ್ಗಳತೆಯೇ ಬೇರೆ, ಅರ್ಥವೇ ಬೇರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಹೀಗೆ ಮಿದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ಪಾರ್ಶ್ವವಾಯು ಇದಕ್ಕೆ ಮುಖ್ಯ ಕಾರಣ. ಬ್ರಿಟನ್ನಿನ ರೋಸ್ಮೆರಿ ವಾರ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಅದರಲ್ಲಿದ್ದವರು ತೀವ್ರ ಅಫೇಸಿಯಾದ ಮೂವರು. ಮನುಷ್ಯ ಸಿಂಹವನ್ನು ಕೊಂದನೋ, ಸಿಂಹ ಮನುಷ್ಯನನ್ನು ಕೊಂದಿತೋ ಎಂಬಂಥ ವ್ಯತ್ಯಾಸವನ್ನು ವಾಕ್ಯದಿಂದ ತಿಳಿಯುವುದು ಅವರಿಗೆ ಕಷ್ಟವಾಗಿತ್ತು. ಆದರೆ ಯಾವ ಸಂಖ್ಯೆಯಿಂದ ಯಾವುದನ್ನು ಕಳೆಯಬೇಕು, ಆವರಣ ಚಿಹ್ನೆಯೊಳಗಿನ ಲೆಕ್ಕವನ್ನು ಹೇಗೆ ಬಿಡಿಸಬೇಕು ಎಂಬುದು ಗೊತ್ತಿತ್ತು. ವ್ಯಾಕರಣ ಹೋಗಿತ್ತು, ಗಣಿತ ಉಳಿದಿತ್ತು. ಪ್ರಿಂಟರ್ ಕೆಟ್ಟಿತೆಂದು ಯಾರಾದರೂ ಕಂಪ್ಯೂಟರನ್ನೇ ಗುಜರಿಗೆ ಹಾಕುತ್ತಾರೆಯೇ?

ಅಫೇಸಿಯಾ ಹೆಚ್ಚಾಗಿ ವಯಸ್ಸಾದವರನ್ನು ಕಾಡುತ್ತದೆ. ನಮ್ಮ ತರಗತಿಗಳಲ್ಲಿ ಕಾಣಸಿಗುವುದು ಉಗ್ಗು. ವಯಸ್ಕರಲ್ಲಿ ಸುಮಾರು ಶೇ 1ರಷ್ಟು ಮಂದಿಗೆ ಇದಿದೆ. ಎರಡು ಸಾವಿರ ವಿದ್ಯಾರ್ಥಿಗಳ ಕಾಲೇಜಿನಲ್ಲಿ ಇಪ್ಪತ್ತು ಜನ ಎಂದುಕೊಳ್ಳಿ. ಭಯದಿಂದ ಉಗ್ಗು ಹೆಚ್ಚಾಗಬಹುದು, ಆದರೆ ಭಯ ಅದರ ಮೂಲವಲ್ಲ. ಅನುವಂಶೀಯತೆ ಮತ್ತು ಮಾತನ್ನು ಹೊಂದಿಸುವ ಮಿದುಳಿನ ಜಾಲದಲ್ಲಿನ ವ್ಯತ್ಯಾಸ ಅದರ ಹಿಂದಿವೆ. ಮಾತಿನಲ್ಲಿ ಉಗ್ಗುವ ಎಷ್ಟೋ ಜನ ಹಾಡುವಾಗ ಉಗ್ಗುವುದೇ ಇಲ್ಲ.

ನನ್ನ ಬ್ಯಾಚಿನಲ್ಲೇ ಒಬ್ಬನಿದ್ದಾನೆ. ಸರ್ಕ್ಯೂಟ್‌ನಲ್ಲಿ ದೋಷ ಎಲ್ಲಿದೆಯೆಂದು ತಿಳಿಯದಿದ್ದರೆ ನಾವು ಮೊದಲು ಕರೆಯುವುದು ಅವನನ್ನೇ. ಎಲೆಕ್ಟ್ರಿಕ್ ವಾಹನಗಳ ಬಗ್ಗೆ ನಡೆದ ಅಣಕು ಗ್ರೂಪ್ ಡಿಸ್ಕಷನ್‌ನಲ್ಲಿ 'ಬ್ಯಾಟರಿ' ಎಂಬ ಪದ ಹೊರಬರಲು ಅವನಿಗೆ ನಾಲ್ಕೈದು ಸೆಕೆಂಡ್ ಬೇಕಾಯಿತು. ಅಷ್ಟರಲ್ಲಿ ಇಬ್ಬರು ಮಾತು ಕಸಿದುಕೊಂಡರು. ಕೊನೆಗೆ ಅವನಿಗೆ ಸಿಕ್ಕ ಷರಾ: 'ಆತ್ಮವಿಶ್ವಾಸದ ಕೊರತೆ'. ಅವನಿಗೆ ತೊಡಕಾಗಿದ್ದು 'ಬ' ಅಕ್ಷರ. ಬ್ಯಾಟರಿಯ ಬಗ್ಗೆ ಆ ಗುಂಪಿನಲ್ಲಿ ಅವನಷ್ಟು ತಿಳಿದವರು ಇರಲಿಲ್ಲ.

ಕಂಪನಿಗೆ ಸಂವಹನ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಆದರೆ ಸಂವಹನ ಎಂದರೆ ನಮ್ಮ ವಿಚಾರ ಎದುರಿನವರಿಗೆ ತಲುಪುವುದು. ಅದು ಐದು ಸೆಕೆಂಡ್ ತಡವಾಗಿ ತಲುಪಿದರೆ ಡಿಸೈನ್, ಟೆಸ್ಟಿಂಗ್ ಕೆಲಸಗಳಿಗೆ ಏನು ನಷ್ಟ? ಅಲ್ಲಿ ಅರ್ಧಕ್ಕರ್ಧ ಮಾತು ನಡೆಯುವುದೇ ಇ-ಮೇಲ್ ಮತ್ತು ಚಾಟ್‌ನಲ್ಲಿ.

ಕಾನೂನು ಕೂಡ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಾತು ಮತ್ತು ಭಾಷೆಯ ನ್ಯೂನತೆಯೂ ಇದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಮಹತ್ವದ ತೀರ್ಪು ನೀಡಿತು. ಶೇ 40ರಷ್ಟು ಅಂಗವೈಕಲ್ಯ ಇಲ್ಲ ಎಂಬ ಒಂದೇ ಕಾರಣಕ್ಕೆ ಪರೀಕ್ಷೆ ಬರೆಯಲು ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದಿತು. ಕೈ ತಡೆದಾಗ ಜ್ಞಾನಕ್ಕೆ ಬೇರೆ ದಾರಿ ಮಾಡಿಕೊಡಬಹುದಾದರೆ, ನಾಲಿಗೆ ತಡೆದಾಗ ಏಕೆ ಆಗದು?

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಹೆಚ್ಚಿನ ಸಮಯ ಬೇಕೇ ಎಂದು ಪ್ಲೇಸ್‌ಮೆಂಟ್ ವಿಭಾಗ ಮೊದಲೇ, ಖಾಸಗಿಯಾಗಿ ಕೇಳಲಿ. ಬೇಕೆಂದವರಿಗೆ ಗ್ರೂಪ್ ಡಿಸ್ಕಷನ್ ಬದಲು ಲಿಖಿತ ಉತ್ತರ ಅಥವಾ ಒಬ್ಬರೇ ಮಾತಾಡುವ ಅವಕಾಶ ಕೊಡಲಿ. ತಾಂತ್ರಿಕ ಹುದ್ದೆಗಳಿಗೆ ಮಾತಿನ ವೇಗದ ಮೇಲೆ ಯಾರನ್ನೂ ಹೊರಗಿಡದಿರಲಿ. ಚಿಕಿತ್ಸೆ, ತರಬೇತಿ ಬೇಕಾದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ ಎಂಬ ಮಾಹಿತಿ ಎಲ್ಲ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿರಲಿ.

ಗೆಳೆಯರೇ, ನಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಎದುರಿಗಿದ್ದವನ ಮಾತು ಸಿಕ್ಕಿಕೊಂಡಾಗ ಅವನ ವಾಕ್ಯವನ್ನು ನಾವು ಮುಗಿಸುವುದು ಬೇಡ. 'ನಿಧಾನವಾಗಿ ಹೇಳು' ಎಂಬ ಉಪದೇಶವೂ ಬೇಡ. ಅವನ ಮುಖ ನೋಡುತ್ತಾ ಐದು ಸೆಕೆಂಡ್ ಕಾಯೋಣ. ರೀಲ್ಸ್‌ಗೆ ಗಂಟೆಗಟ್ಟಲೆ ಕೊಡುವ ನಮಗೆ ಅದೇನು ಭಾರವೇ?