ಚಿತ್ರ ಬರೆದ ಕೈ

“ಫೋಟೊ ತೆಗೆದವಳು ನಾನು, ಯಾರಿಗೆ ಬೇಕಾದರೂ ಕೊಡುವ ಹಕ್ಕು ನನ್ನದು” ಎಂದು ವಾದಿಸಿದವರಲ್ಲಿ ನಾನೂ ಒಬ್ಬಳು. ಆ ಮಾತು ತಪ್ಪೆಂದು ನನಗೆ ಕಲಿಸಿದವರು ಮೂಡಲಗಿ ಕಡೆಯ ಒಬ್ಬ ನಿವೃತ್ತ ಚಿತ್ರಕಲಾ ಮಾಸ್ತರರು.

ಗೋಕಾಕದ ನಮ್ಮ ಓಣಿಯ ವಾಚನಾಲಯದ ಗೋಡೆಗೆ ಅವರು ಸುಗ್ಗಿಯ ಚಿತ್ರ ಬರೆದರು. ಬಿಡಿಗಾಸು ಮುಟ್ಟಲಿಲ್ಲ; ಬಣ್ಣದ ಖರ್ಚೂ ಅವರದೇ. ನಾನು ಅದರ ಫೋಟೊ ತೆಗೆದು, ‘ನನ್ನ ಹೆಸರು ಹಾಕಿ ಯಾರೂ ಬಳಸಬಹುದು, ವ್ಯಾಪಾರಕ್ಕೂ ಸೈ’ ಎಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟು ಅಂತರಜಾಲಕ್ಕೆ ಏರಿಸಿದೆ. ದೊಡ್ಡ ದಾನ ಮಾಡಿದೆನೆಂಬ ಹಿಗ್ಗು! ಮರುವರ್ಷ ಯಾರೋ ಅಂಗಡಿಯವರ ಕ್ಯಾಲೆಂಡರಿನಲ್ಲಿ ಅದು ಬಂತು. ಕೆಳಗೆ ನನ್ನ ಹೆಸರು. ಮಾಸ್ತರರ ಹೆಸರೇ ಇಲ್ಲ. ಅವರು ಸಿಟ್ಟಾಗಲಿಲ್ಲ. “ಅಕ್ಕೋರ, ಫೋಟೊ ನಿಮ್ದ ಖರೆ. ಆದ್ರ ಚಿತ್ರಾ ಬರದ ಕೈ ನಂದಿತ್ತಲ್ರಿ?” ಎಂದಷ್ಟೇ ಅಂದರು.

ಕಾನೂನೂ ಅವರ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಂತೆ ಕಟ್ಟಡದ ಫೋಟೊ ಪ್ರಕಟಿಸಬಹುದು; ಸಾರ್ವಜನಿಕ ಸ್ಥಳದಲ್ಲಿ ಕಾಯಂ ನಿಂತ ಮೂರ್ತಿಯದನ್ನೂ ಪ್ರಕಟಿಸಬಹುದು. ಆದರೆ ಗೋಡೆಯ ವರ್ಣಚಿತ್ರಕ್ಕೆ ಈ ವಿನಾಯಿತಿ ಇಲ್ಲ. ಕಲಾವಿದ ಬದುಕಿರುವತನಕ, ಆಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಲಕ್ಷ್ಮಿ ಇಂದು ಎಲ್ಲರವಳು. 1996ರಲ್ಲಿ ತೀರಿಕೊಂಡ ನಮ್ಮ ಕೆ. ಕೆ. ಹೆಬ್ಬಾರರ ಚಿತ್ರಗಳಿಗೆ 2056ರ ಕೊನೆಯವರೆಗೂ ರಕ್ಷಣೆ ಇದೆ. ಹುಕ್ಕೇರಿಯ ಹಳೆಯ ಗುಮ್ಮಟಗಳ ಫೋಟೊ ಧಾರಾಳವಾಗಿ ಹಂಚಿರಿ. ಮಾಸ್ತರರ ಚಿತ್ರದಲ್ಲಿ ನಾನು ದಾನ ಮಾಡಬಹುದಾಗಿದ್ದದ್ದು ಫೋಟೊದ ನನ್ನ ಪಾಲನ್ನು ಮಾತ್ರ.

“ಇಷ್ಟು ಬಿಗಿ ಮಾಡಿದರೆ ನಮ್ಮೂರ ಕಲೆ ಹೊರಗೆ ತಿಳಿಯುವುದು ಹೇಗೆ?” ಎನ್ನುವವರಿದ್ದಾರೆ. ಹೆಸರು ಬಿಟ್ಟರೆ ತಿಳಿಯುವುದು ಯಾರ ಕಲೆ? ‘ಗೋಕಾಕದ ಗೊಂಬೆ’ ಎಂದು ಬರೆಯುತ್ತೇವೆ. ಅದಕ್ಕೆ ಬಣ್ಣ ಹಚ್ಚಿದ ಜೀನಗಾರರ ಹೆಸರನ್ನು ಎಂದಾದರೂ ಬರೆದಿದ್ದೇವೆಯೇ? ಮುಕ್ತವಾಗಿ ಹಂಚುವುದು ಒಳ್ಳೆಯದೇ. ಮೊದಲು ಕೇಳಬೇಕು, ಒಪ್ಪಿಗೆ ಬರೆಯಿಸಿಕೊಳ್ಳಬೇಕು, ಅಷ್ಟೆ.

ಸೋದರಿಯರೇ, ನಮ್ಮ ತಾಯಂದಿರು ಇಳಕಲ್ ಸೀರೆಗೆ ಹಾಕಿದ ಕಸೂತಿಯನ್ನು ಊರೆಲ್ಲ ಹೊಗಳಿತು, ಹಾಕಿದವಳ ಹೆಸರು ಯಾರೂ ಕೇಳಲಿಲ್ಲ. ಹೆಸರಿಲ್ಲದೆ ದುಡಿಯುವ ನೋವು ನಮಗೆ ಗೊತ್ತು. ಅದನ್ನೇ ನಾವು ಇನ್ನೊಬ್ಬರಿಗೆ ಮಾಡಬಾರದು.

ಮಾಸ್ತರರ ಒಪ್ಪಿಗೆ ಬರೆಯಿಸಿಕೊಂಡು, ಅವರ ಹೆಸರನ್ನು ಮೊದಲು ಹಾಕಿ ಫೋಟೊ ಮತ್ತೆ ಏರಿಸಿದ್ದೇನೆ. ಆದರೆ ಹುಕ್ಕೇರಿಯ ತಂಗಿಯ ಮನೆಯಲ್ಲಿ ಆ ಕ್ಯಾಲೆಂಡರ್ ಇನ್ನೂ ತೂಗುತ್ತಿದೆ, ನನ್ನ ಹೆಸರಿನೊಂದಿಗೆ.