ತವರೂ ಅಲ್ಲ, ಗಂಡನ ಮನೆಯೂ ಅಲ್ಲ: ಎಳೆಗೂಸಿನ ತಾಯಿಗೆ ಸೂರೆಲ್ಲಿ?



ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳನ್ನು ಕರೆದೊಯ್ಯಲು ಗಂಡ ಬಾರದಿರುವುದು ನಮ್ಮ ಊರುಗಳಿಗೆ ಹೊಸದಲ್ಲ. ಮಗುವಿಗೆ ಸರ ಹಾಕಲಿಲ್ಲ, ಮದುವೆಯಲ್ಲಿ ಒಪ್ಪಿದ ಬೈಕು ಬಂದಿಲ್ಲ, ಹುಟ್ಟಿದ್ದು ಹೆಣ್ಣು ಎಂದು ನೆಪಗಳು. ಮೂರು ತಿಂಗಳು ಐದಾಗುತ್ತದೆ, ಐದು ಒಂಬತ್ತಾಗುತ್ತದೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂದು ಯಾರೋ ನೆನಪಿಸುತ್ತಾರೆ. ಕೊನೆಗೆ ಹಿರಿಯರು 'ಹೊಂದಿಕೊಂಡು ಹೋಗಮ್ಮ' ಎಂದು ಅದೇ ಮನೆಗೆ ಸಾಗಹಾಕುತ್ತಾರೆ. ಹೊಡೆಯುವ ಮನೆಗೆ ಅವಳು ಮರಳುವುದು ಬೇರೆ ಸೂರಿಲ್ಲದೆ.

1863ರಲ್ಲೇ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ಗರ್ಭಿಣಿ ವಿಧವೆಯರಿಗಾಗಿ ಒಂದು ಮನೆ ತೆರೆದರು. ಗುಟ್ಟಾಗಿ ಬಂದು ಹೆರಬಹುದಿತ್ತು. ಮಗುವನ್ನು ಒಯ್ಯುವುದೋ ಬಿಡುವುದೋ ತಾಯಿಯ ಇಷ್ಟ. ಅಷ್ಟು ಹಿಂದೆ ಹೊಳೆದದ್ದು ನಮಗೆ ಈಗಲೂ ಪೂರ್ತಿ ಹೊಳೆದಿಲ್ಲ!

ಸರ್ಕಾರದ ವ್ಯವಸ್ಥೆ ಇಲ್ಲವೆಂದಲ್ಲ. 2015ರಿಂದ ಬಂದ ಸಖಿ ಕೇಂದ್ರಗಳಲ್ಲಿ ಕೆಲವು ದಿನ ಉಳಿಯಬಹುದು. ಹಳೆಯ ಸ್ವಾಧಾರ ಗೃಹಗಳು 2022ರ ಮಿಷನ್ ಶಕ್ತಿ ಯೋಜನೆಯಲ್ಲಿ ಶಕ್ತಿ ಸದನಗಳಾದವು. ಆದರೆ ಒಂದು ನಿಲಯವನ್ನು ಕಟ್ಟುವಾಗ ಹಾಲುಣಿಸುವ ತಾಯಿಯನ್ನು ಎಷ್ಟು ಜನ ನೆನೆಯುತ್ತಾರೆ? ಸಾಲು ಮಂಚಗಳ ದೊಡ್ಡ ಕೋಣೆಯಲ್ಲಿ ನಡುರಾತ್ರಿ ಒಂದು ಕೂಸು ಅತ್ತರೆ ಇಪ್ಪತ್ತು ಜನ ಏಳುತ್ತಾರೆ, ಬೈಗುಳ ತಾಯಿಗೆ. ಅವಳಿಗೆ ಬೇಕಾದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಪುಟ್ಟ ಕೋಣೆ. ಬಿಸಿನೀರಿಗೆ, ಗಂಜಿಗೆ ಯಾವ ಹೊತ್ತಿನಲ್ಲೂ ಹಚ್ಚಬಹುದಾದ ಒಲೆ. ಬಟ್ಟೆ ಒಣಗಿಸಲು ಬಿಸಿಲು ಬೀಳುವ ಜಾಗ. ನಡೆದು ಹೋಗುವ ದೂರದಲ್ಲಿ ಅಂಗನವಾಡಿ, ಆಸ್ಪತ್ರೆ, ಬಸ್ಸು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಅಂಗನವಾಡಿ ಮುಚ್ಚಿದ ಮೇಲೂ ಕೂಸು ನೋಡುವವರು ಬೇಕು; ಅದಿಲ್ಲದೆ ಹೊಲಿಗೆ ತರಬೇತಿ ಕೊಟ್ಟೇನು ಫಲ? ಗೇಟಿಗೆ ಕಾವಲಿರಲಿ, ಆದರೆ ಅದು ಹೊರಗಿನಿಂದ ಬರುವ ಗಂಡನನ್ನು ತಡೆಯಲು. ಒಳಗಿರುವವಳಿಗೆ ಬೀಗ ಜಡಿದರೆ ಅದಕ್ಕೂ ಜೈಲಿಗೂ ಏನು ವ್ಯತ್ಯಾಸ?

ಕಾಗದಪತ್ರದ ಗೋಳು ಬೇರೆ. ಅವಳ ಹೆಸರು ಅತ್ತೆಯ ಪಡಿತರ ಚೀಟಿಯಲ್ಲಿದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಚೀಟಿಯಲ್ಲಿ ಯಜಮಾನಿ ಎಂದು ಬರೆದವಳಿಗೆ. ಮನೆ ಬಿಟ್ಟು ಬಂದ ಸೊಸೆಗೆ ಚೀಟಿಯೂ ಇಲ್ಲ, ಹಣವೂ ಇಲ್ಲ. ನಿಲಯದಲ್ಲಿ ಈ ಕಾಗದಗಳನ್ನು ಮಾಡಿಸಿಕೊಡುವ ಒಬ್ಬರು ಇರಲೇಬೇಕು.

ಎಲ್ಲರೂ ನಿಲಯಕ್ಕೆ ಹೋಗಬೇಕೆಂದೂ ಇಲ್ಲ. ಊರಲ್ಲೇ ಬಾಡಿಗೆ ಕೋಣೆ ಹಿಡಿಯಬಹುದು, ಆದರೆ ಗಂಡನಿಲ್ಲದವಳಿಗೆ ಮಾಲೀಕರು ಕೊಡುವುದಿಲ್ಲ, ಕೊಟ್ಟರೂ ಮುಂಗಡ ಕೇಳುತ್ತಾರೆ. ಇಲ್ಲಿ ನಮ್ಮ ಸಂಘಗಳು ಮುಂದೆ ಬರಬೇಕು. ಹಸುವಿಗೆ, ಮದುವೆಗೆ ಸಾಲ ಕೊಡುವ ಸಂಘ ಮುಂಗಡಕ್ಕೆ ಏಕೆ ಕೊಡಬಾರದು? (ಮದುವೆ ಸಾಲದಲ್ಲಿ ವರದಕ್ಷಿಣೆ ಎಷ್ಟು ಎಂಬ ಪ್ರಶ್ನೆಯನ್ನೂ ಒಮ್ಮೆ ಸಭೆಯಲ್ಲಿ ಕೇಳೋಣ.) ಹತ್ತು ಹೆಂಗಸರು ಜೊತೆಗೆ ಹೋಗಿ ನಿಂತರೆ ಮಾಲೀಕರ ಮಾತೂ ಮೆತ್ತಗಾಗುತ್ತದೆ.

ಇನ್ನೊಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮಿನಂತೆ, ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅಲ್ಲಿರಲು ಭಯವಿದ್ದರೆ, 19ನೇ ಕಲಮಿನಂತೆ ಅದೇ ಮಟ್ಟದ ಬೇರೆ ಮನೆ ಒದಗಿಸುವಂತೆ, ಇಲ್ಲವೇ ಅದರ ಬಾಡಿಗೆ ಕಟ್ಟುವಂತೆ ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶಿಸಬಹುದು. ಸಂರಕ್ಷಣಾಧಿಕಾರಿಯ ಬಳಿ ಅರ್ಜಿ ಬರೆಸುವಾಗ ಜೀವನಾಂಶದ ಜೊತೆಗೆ ಈ ಬಾಡಿಗೆಯನ್ನೂ ಸೇರಿಸಿ ಕೇಳಿ. ಬಾಡಿಗೆ ಕರಾರು, ರಸೀದಿಗಳನ್ನು ಜೋಪಾನವಾಗಿಡಿ. ಹೊರಡಲು ದಾರಿ ಕಾಣದಿದ್ದರೆ 181ಕ್ಕೆ ಫೋನು ಮಾಡಿ.